ಬೈಗುಳದ ಹಕ್ಕುದಾರರು

ಸವಳಂಗದ ಶಂಕರಮ್ಮನನ್ನು ಮದುವೆ ಮನೆಯವರು ವೀಳ್ಯ ಕೊಟ್ಟು ಕರೆಯುತ್ತಿದ್ದದ್ದು ಬೈಯುವುದಕ್ಕೆ. ಬೈಯುವುದೆಂದರೆ ನಲ್ಲಿಯ ಮುಂದಿನ ಕೊಡದ ಜಗಳವಲ್ಲ, ಬೀಗರ ಹಾಡು. ಹೆಣ್ಣಿನ ಕಡೆಯ ಹೆಂಗಸರು ಗಂಡಿನ ತಾಯಿಯನ್ನು ಚಪ್ಪರದ ನಡುವೆ ಕೂರಿಸಿ, ಬಂದ ನೆಂಟರೆಲ್ಲರ ಎದುರು ಹಾಡಿನಲ್ಲೇ ಅವಳ ಮೂಗು, ನಡಿಗೆ, ಜಿಪುಣತನ, ಊಟದ ಹಸಿವು ಎಲ್ಲವನ್ನೂ ಝಾಡಿಸುವುದು. ಅಲ್ಲಿಂದಾಚೆಗೆ ಜೀವಮಾನವಿಡೀ ಗಂಡಿನ ಕಡೆಯವರ ಮುಂದೆ ಬಾಯಿ ಮುಚ್ಚಿಕೊಂಡಿರಬೇಕಾದ ಹೆಣ್ಣಿನ ಕಡೆಯವರಿಗೆ ಊರು ಕೊಟ್ಟಿರುವ ಅರ್ಧ ಗಂಟೆ ಅದು. ಆ ಅರ್ಧ ಗಂಟೆಯಲ್ಲಿ ಒಂದು ನಿಮಿಷವನ್ನೂ ಶಂಕರಮ್ಮ ಪೋಲು ಮಾಡಿದವಳಲ್ಲ.

ಅವಳ ಹೊಟ್ಟೆಪಾಡು ಅಡಿಕೆ ಸುಲಿಯುವುದು. ಹಾಡು ಹುಟ್ಟುತ್ತಿದ್ದದ್ದೂ ಅಲ್ಲೇ. ಮೆಟ್ಟುಗತ್ತಿಯ ಮುಂದೆ ಕುಳಿತು ಕಾಯಿ ಸೀಳುತ್ತ, ಸಿಪ್ಪೆ ಒಂದು ಕಡೆ ಅಡಿಕೆ ಒಂದು ಕಡೆ ಎಸೆಯುತ್ತ, ಆ ಲೆಕ್ಕಕ್ಕೆ ಸರಿಯಾಗಿ ರಾಗ ಕಟ್ಟುತ್ತಿದ್ದಳು. ಗಂಡ ಬದುಕಿದ್ದ ಕಾಲದಲ್ಲಿ ಹೊಸ ಬೈಗುಳಗಳ ಅಭ್ಯಾಸವೆಲ್ಲ ಅವನ ಮೇಲೇ ನಡೆಯುತ್ತಿತ್ತು. ಅವನು ನಕ್ಕರೆ ಹಾಡು ಸಪ್ಪೆ ಎಂದು ತಿದ್ದುತ್ತಿದ್ದಳು. ಎದ್ದು ಹೊರಗೆ ಹೋದರೆ ಹಾಡು ಪಾಸು.

ಈ ಕಸುಬಿಗೆ ಒಂದು ನಿಯಮವಿತ್ತು. ಒಬ್ಬ ಬೀಗಿತ್ತಿಗೆ ಒಂದು ಹಾಡು. ಆ ಚಪ್ಪರದಲ್ಲಿ ಹುಟ್ಟಿದ್ದು ಆ ಚಪ್ಪರದಲ್ಲೇ ಸಾಯಬೇಕು. ಒಬ್ಬಳನ್ನು ಬೈದ ಹಾಡನ್ನು ಇನ್ನೊಬ್ಬಳ ಮುಂದೆ ಎತ್ತುವುದೆಂದರೆ ಉಂಡ ಎಲೆಯಲ್ಲಿ ಬಡಿಸಿದ ಹಾಗೆ. ಶಂಕರಮ್ಮ ಅದಕ್ಕೆ ಎಂಜಲು ಬೈಗುಳ ಎನ್ನುತ್ತಿದ್ದಳು. ಎಂಜಲು ಬೈಗುಳ ಹಾಡುವವಳನ್ನು ಕಂಡರೆ ಅವಳಿಗೆ ಕುರಿ ಕದ್ದವನನ್ನು ಕಂಡಷ್ಟು ಸಿಟ್ಟು.

ಅವಳು ಕಟ್ಟಿದ್ದರಲ್ಲೆಲ್ಲ ಹೆಸರಾದದ್ದು ಕುರ್ಚಿ ಹಾಡು. ಕೊರೊನಾ ಬರುವುದಕ್ಕೆ ಮುಂಚೆ ಸವಳಂಗದ ಹುಡುಗಿಯೊಬ್ಬಳನ್ನು ಜಗಳೂರಿಗೆ ಕೊಟ್ಟಿದ್ದರು. ಗಂಡಿನ ತಾಯಿ ಕೊಲ್ಲಾಪುರಮ್ಮ. ಜಗಳೂರಿನಲ್ಲಿ ಹಿಟ್ಟಿನ ಗಿರಣಿ ಇಟ್ಟವಳು, ಗಿರಣಿಯ ಸದ್ದಿಗಿಂತ ದೊಡ್ಡ ದನಿಯವಳು. ರೇಷ್ಮೆ ಸೀರೆಯ ಮೇಲೆ ಶಾಲು, ಶಾಲಿನ ಮೇಲೆ ಉಡಿ ತುಂಬಿದ ಗಂಟು, ಇಷ್ಟೆಲ್ಲ ಸಮೇತ ಕೈಯಿರುವ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತಳು. ಧಾರೆಗೆ ಕರೆದಾಗ ಎದ್ದಳು. ಕುರ್ಚಿಯೂ ಎದ್ದಿತು. ಮಂಟಪದವರೆಗೆ ಅವಳ ಹಿಂದೆಯೇ ಹೋಯಿತು. ಬಿಡಿಸಲು ಬಂದವರಿಗೆಲ್ಲ ಬೈದು, ಕೊನೆಗೆ ಕೋಪದಲ್ಲಿ ಅದರಲ್ಲೇ ಮತ್ತೆ ಕುಳಿತಳು. ಬೀಗರ ಹಾಡಿನ ಹೊತ್ತಿಗೆ ಶಂಕರಮ್ಮ ಮನೆಯಿಂದ ತಂದಿದ್ದ ಹಾಡನ್ನು ಬಿಸಾಕಿ ನಿಂತಲ್ಲೇ ಹೊಸದು ಕಟ್ಟಿದಳು:

ಜಗಳೂರ ಬೀಗಿತ್ತಿ ಜಗಲೀಗೆ ಬಂದಾಳ
ಜಗ್ಗಿದರ ಕುರ್ಚಿ ಬಿಡಲೊಲ್ಲ, ನಮ್ಮವ್ವ
ಹೋಳೀಗಿ ಕೊಟ್ಟರ ಎದ್ದಾಳ!

ಎರಡನೆಯ ಸಾಲಿನ 'ನಮ್ಮವ್ವ' ಆದ ಮೇಲೆ ಶಂಕರಮ್ಮ ಉಸಿರು ತೆಗೆದುಕೊಳ್ಳಲು ನಿಂತಳು. ಆ ಖಾಲಿ ಜಾಗದಲ್ಲಿ ಕೊಲ್ಲಾಪುರಮ್ಮ ಕುಳಿತಲ್ಲಿಂದಲೇ ಗುಡುಗಿದಳು: "ಏಳಲ್ಲ ಹೋಗೇ!" ಆ ಗುಡುಗು ತಾಳಕ್ಕೆ ಎಷ್ಟು ಸರಿಯಾಗಿ ಬಿತ್ತೆಂದರೆ ಚಪ್ಪರವೇ ಮತ್ತೊಂದು ಸಲ, ಮತ್ತೊಂದು ಸಲ ಎಂದಿತು. ಪ್ರತಿ ಸಲವೂ ಶಂಕರಮ್ಮ ಅಲ್ಲಿ ನಿಂತಳು, ಪ್ರತಿ ಸಲವೂ ಕೊಲ್ಲಾಪುರಮ್ಮ ಗುಡುಗಿದಳು. ಹಾಡು ಮುಗಿಯಿತು, ನಿಯಮದ ಪ್ರಕಾರ ಸತ್ತಿತು. ಸತ್ತಿತು ಎಂದು ಶಂಕರಮ್ಮ ತಿಳಿದಿದ್ದಳು.

ಸತ್ತಿರಲಿಲ್ಲ. ಯಾರದೋ ಫೋನಿನಲ್ಲಿ ಉಳಿದುಕೊಂಡಿತ್ತು. ಅಲ್ಲಿಂದ ಇನ್ಯಾರದೋ ಫೋನಿಗೆ ಹೋಗಿ, ತಿರುಗಿ ತಿರುಗಿ, ಕಳೆದ ವರ್ಷ ಕೀಬೋರ್ಡು, ಪ್ಯಾಡು, ಡುಂ ಡುಂ ಎಲ್ಲ ಹಚ್ಚಿಕೊಂಡು ಹೊರಗೆ ಬಂತು. ಜನ ಪ್ಲಾಸ್ಟಿಕ್ ಕುರ್ಚಿಯನ್ನು ಹಿಂದಕ್ಕೆ ಅಂಟಿಸಿಕೊಂಡು ಕುಣಿದು ವಿಡಿಯೋ ಹಾಕತೊಡಗಿದರು. ಕಾಲೇಜು ಹುಡುಗಿಯರು ಕುಣಿದರು, ನಿವೃತ್ತ ಮೇಷ್ಟರು ಕುಣಿದರು. ಅವಧಿ ಮುಗಿದರೂ ಜಾಗ ಬಿಡದ ಪಂಚಾಯ್ತಿ ಅಧ್ಯಕ್ಷನ ಮನೆ ಮುಂದೆ ಎದುರು ಪಾರ್ಟಿಯವರು ಡಿಜೆ ಹಚ್ಚಿ ಕುಣಿದರು.

ಶಂಕರಮ್ಮನ ಸೊಸೆ ರೂಪಶ್ರೀ ಇದನ್ನೆಲ್ಲ ನೋಡಿ, "ನಮ್ಮತ್ತೆ ಹಾಡು, ನಮ್ಮತ್ತೆ ಬಾಯಲ್ಲೇ ಕೇಳ್ಲಿ" ಎಂದು ಅತ್ತೆಯನ್ನು ಅಡಿಕೆ ರಾಶಿಯ ಮುಂದೆ ಕೂರಿಸಿ ಹಾಡಿಸಿ ವಿಡಿಯೋ ಹಾಕಿದಳು. ಕುಟುಂಬದ ವಾಟ್ಸಾಪ್ ಗುಂಪಿಗೂ ಅದರ ಲಿಂಕು ಕಳಿಸಿದಳು. ಮಧ್ಯಾಹ್ನದೊಳಗೆ ವಿಡಿಯೋ ಮಾಯವಾಗಿ ಆ ಜಾಗದಲ್ಲಿ ಒಂದು ನೋಟೀಸು ಕೂತಿತ್ತು.

"ಅತ್ತೆ, ಈ ಹಾಡು ಬೇರೆಯವರ ಸ್ವತ್ತಂತೆ. ಅದಕ್ಕೆ ತೆಗೆದಿದಾರೆ."

"ಯಾರ ಸ್ವತ್ತು?"

"ಶಾಂತಿಸಾಗರ ಬೀಟ್ಸ್ ಅಂತ ಐತೆ. ತ್ಯಾವಣಿಗೆ ಪ್ರವೀಣ್ ಕುಮಾರ್ ಅನ್ನೋನ ಚಾನೆಲ್ಲು."

"ಅವನ್ಯಾವನು? ಅವನ ಮದುವೆಗೆ ನಾ ಹೋಗೇ ಇಲ್ವಲ್ಲ!"

ರೂಪಶ್ರೀ ಆ ಚಾನೆಲ್ಲು ತೆಗೆದು ತೋರಿಸಿದಳು. ಹಾಡಿನ ಹೆಸರು 'ಅಪರೂಪದ ಜಾನಪದ'. ಸಂಗ್ರಹ, ಸಂಗೀತ ಎರಡೂ ಪ್ರವೀಣ್ ಕುಮಾರ್. ಹಾಡಿದ್ದು ಯಾವುದೋ ಹುಡುಗಿ, ಸಕ್ಕರೆ ಪಾಕದ ದನಿ. ಜಗಳೂರಿನ ಜಾಗದಲ್ಲಿ 'ಚನ್ನಗಿರಿ ಬೀಗಿತ್ತಿ'. ಕೊನೆಯಲ್ಲಿ ಕಂಪ್ಯೂಟರು ಬರೆದ ಮುದುಕಿಯ ಚಿತ್ರ, ಒಂದು ಕೈಗೆ ಆರು ಬೆರಳು, ಕೊರಳಿಗೆ ಗಂಧದ ಹಾರ, ಕೆಳಗೆ ಬರಹ: 'ಈ ಹಾಡು ಕಟ್ಟಿ ಅಗಲಿದ ಅನಾಮಿಕ ಅಜ್ಜಿಗೆ ನಮನ.'

"ಅತ್ತೆ, ಹಾರ ಹಾಕಿಬಿಟ್ಟಿದಾನೆ ನಿಮಗೆ."

ಶಂಕರಮ್ಮ ಚಿತ್ರವನ್ನು ಹತ್ತಿರ ಹಿಡಿದು ನೋಡಿದಳು. "ತಿಥಿ ಮಾಡಿದಾನೋ, ಇನ್ನೂ ಐತೋ ಕೇಳು" ಎಂದಳು.

ತಮಾಷೆ ಅಲ್ಲಿಗೇ ನಿಂತಿದ್ದರೆ ಅವಳು ನಾಲ್ಕು ದಿನ ಬೈದುಕೊಂಡು ಸುಮ್ಮನಾಗುತ್ತಿದ್ದಳು. ಆದರೆ ವಾಟ್ಸಾಪಿನ ಲಿಂಕು ಒತ್ತಿದವರಿಗೆಲ್ಲ ನೋಟೀಸು ಕಂಡಿತ್ತು. ನೋಟೀಸು ನ್ಯಾಮತಿ ತಲುಪುವಾಗ ಪೊಲೀಸ್ ಕೇಸಾಗಿತ್ತು. ಹೊನ್ನಾಳಿ ತಲುಪುವಾಗ ಶಂಕರಮ್ಮ ಹಾಡು ಕದ್ದು ಸಿಕ್ಕಿಬಿದ್ದಿದ್ದಳು. ಅವಳು ಹಾಡಬೇಕಿದ್ದ ಮುಂದಿನ ಮದುವೆ ಇದ್ದದ್ದೂ ಹೊನ್ನಾಳಿಯಲ್ಲೇ. ನ್ಯಾಮತಿಯ ಗೊಬ್ಬರದಂಗಡಿ ಮುರುಗೇಶಪ್ಪ ಮಗಳನ್ನು ಹೊನ್ನಾಳಿಯ ನಿರ್ಮಲಮ್ಮನ ಮಗನಿಗೆ ಕೊಡುತ್ತಿದ್ದ. ನಿರ್ಮಲಮ್ಮನನ್ನು ಬೈಯಲು ಶಂಕರಮ್ಮನಿಗೆ ಆಗಲೇ ವೀಳ್ಯ ಬಂದಿತ್ತು.

ನ್ಯಾಮತಿಯ ಶಾಮಿಯಾನದ ಲಾಲ್‌ಸಾಬ್ ಗೂಡ್ಸ್ ಆಟೋ ನಿಲ್ಲಿಸಿ ಅಂಗಳಕ್ಕೆ ಬಂದ. ಆ ಸೀಮೆಯ ಯಾವ ಮದುವೆಯ ಸುದ್ದಿಯಾದರೂ ಅವನ ಕಂಬ, ಪರದೆಗಳ ಜೊತೆಯಲ್ಲೇ ಓಡಾಡುತ್ತಿತ್ತು.

"ಶಂಕರಕ್ಕ, ಮುರುಗೇಶಪ್ಪೋರು ಒಂದು ಮಾತು ಹೇಳಿ ಬಾ ಅಂದ್ರು. ಬೈಬ್ಯಾಡ್ರಿ ಮತ್ತೆ."

"ಬೈಬ್ಯಾಡ ಅಂತೀಯಲ್ಲ, ಬೈಯಾಕೆ ತಾನೆ ನನ್ನ ಕರೆದಿರೋದು?"

"ಅದೇ ರೀ ಮಾತು. ಬೈಯೋದು ಬ್ಯಾಡ ಅಂತೆ."

ಶಂಕರಮ್ಮ ಕತ್ತಿಯ ಮೇಲಿನ ಕಾಲು ತೆಗೆದಳು. ಲಾಲ್‌ಸಾಬ್ ಒಂದು ಹೆಜ್ಜೆ ಹಿಂದೆ ಸರಿದು ಮಿಕ್ಕಿದ್ದನ್ನು ಹೇಳಿದ. "ಬೀಗಿತ್ತಿ ನಿರ್ಮಲಮ್ಮೋರು ಕಡ್ಡಿ ಮುರಿದಂಗೆ ಹೇಳಿದಾರಂತೆ. ಬೈಸಿಕೊಳ್ಳಾಕೆ ನಾವು ರೆಡಿ. ಆದ್ರೆ ಕದ್ದ ಹಾಡಲ್ಲಿ ಬೈಸಿಕೊಂಡ್ರೆ ನಮ್ಮ ಮನೆತನದ ಮರ್ಯಾದೆ ಏನಾಗಬೇಕು? ನಮ್ಮನ್ನ ಬೈಯಾಕೆ ಒಂದು ಸ್ವಂತ ಮಾತೂ ಹುಟ್ಟಲಿಲ್ವಾ ಇವರಿಗೆ? ಹಿಂಗಂದ್ರಂತೆ."

ಶಂಕರಮ್ಮನ ಲೆಕ್ಕದಲ್ಲೂ ನಿರ್ಮಲಮ್ಮ ಹೇಳಿದ್ದು ನೂರಕ್ಕೆ ನೂರು ಸರಿಯಾಗಿತ್ತು. ತಾನೇ ಅವಳ ಜಾಗದಲ್ಲಿದ್ದರೂ ಅದನ್ನೇ ಹೇಳುತ್ತಿದ್ದಳು. ಹೊನ್ನಾಳಿಯ ಮದುವೆಯೊಂದು ತಪ್ಪಿದರೆ ತಪ್ಪಲಿ, ಆದರೆ ಎಂಜಲು ಬೈಗುಳದವಳು ಎಂಬ ಹೆಸರು ಬಂದರೆ ಅವಳನ್ನು ಇನ್ನು ಯಾವ ಚಪ್ಪರಕ್ಕೂ ಕರೆಯುವುದಿಲ್ಲ. ಅಡಿಕೆ ಎಲ್ಲರೂ ಸುಲಿಯುತ್ತಾರೆ. ಹಾಗೆ ಬೈಯುವವಳು ಅವಳೊಬ್ಬಳೇ.

"ಲಾಲ್‌ಸಾಬಣ್ಣ, ಆ ಹಾಡು ನಂದು ಅಂತ ನಿಂಗೆ ಗೊತ್ತಲ್ಲ. ಆ ಮದುವೆ ಕುರ್ಚಿ ನಿಂದೇ ತಾನೆ? ಬಂದು ಸಾಕ್ಷಿ ಹೇಳು."

"ಕುರ್ಚಿ ಮಟ್ಟಿಗೆ ಎಲ್ಲಿ ಬೇಕಾದ್ರೂ ಹೇಳ್ತೀನಕ್ಕ. ಹಾಡೋವಾಗ ನಾನು ಊಟಕ್ಕೆ ಕೂತಿದ್ದೆ. ಕಿವಿಗೆ ಬಿದ್ದಿದ್ದು ಪಾಯಸದ ಬಕೆಟ್ ಸದ್ದೊಂದೇ." ಅವನು ಗಡ್ಡ ಕೆರೆದುಕೊಂಡ. "ಸಾಕ್ಷಿ ಬೇಕಂದ್ರೆ ಬೈಸಿಕೊಂಡೋರನ್ನೇ ಕೇಳಬೇಕು ನೀವು."

ಬೈಸಿಕೊಂಡವಳು ಜಗಳೂರಿನಲ್ಲಿದ್ದಳು. ಆ ಮದುವೆಯ ನಂತರ ಶಂಕರಮ್ಮ ಅವಳ ಮುಖ ನೋಡಿರಲಿಲ್ಲ. ಊರೂರಿನವರು ಅವಳ ಕುರ್ಚಿ ಹಾಡಿಗೆ ಕುಣಿಯುತ್ತಿರುವಾಗ ಅವಳ ಎದುರು ಹೋಗಿ ನಿಲ್ಲುವುದೆಂದರೆ ಹುಚ್ಚುನಾಯಿಯ ಬಾಯಿಗೆ ಕೈಯಿಡುವ ಕೆಲಸ. ಆದರೂ ಮಾರನೆಯ ದಿನ ಅತ್ತೆ ಸೊಸೆ ಇಬ್ಬರೂ ಬಸ್ಸು ಹತ್ತಿದರು. ಉಚಿತ ಟಿಕೆಟ್ಟು ಹರಿಯುತ್ತ ಕಂಡಕ್ಟರು ಎಲ್ಲಿಗೆಂದು ಕೇಳಿದ. "ಒದೆ ತಿನ್ನಾಕೆ" ಎಂದಳು ಶಂಕರಮ್ಮ. ಅವನು ದಾವಣಗೆರೆಗೆ ಕೊಟ್ಟ. ಅಲ್ಲಿ ಇಳಿದು ಜಗಳೂರಿನ ಬಸ್ಸು ಹಿಡಿದರು.

ಗಿರಣಿಯಲ್ಲಿ ಕೊಲ್ಲಾಪುರಮ್ಮ ತಲೆಯಿಂದ ಕಾಲಿನವರೆಗೆ ಜೋಳದ ಹಿಟ್ಟಾಗಿ ನಿಂತಿದ್ದಳು. ಬಾಗಿಲಲ್ಲಿ ನಿಂತವರನ್ನು ನೋಡಿದಳು. ಮೋಟಾರು ಆರಿಸಿದಳು. ಬೆಲ್ಟು ನಿಲ್ಲುವವರೆಗೆ ಕಾದಳು. ನಿಂತ ಮೇಲೆ ಶುರುವಾಯಿತು.

"ಬಂದ್ಯಾ? ನಾಚಿಕೆ ಆಗಲ್ವೇನೇ ನಿಂಗೆ?"

"ತಪ್ಪಾತು ಕೊಲ್ಲಾಪುರಕ್ಕ. ನಿನ್ನ ಬೈದಿದ್ದು ಊರೆಲ್ಲ ಆಗುತ್ತೆ ಅಂತ..."

"ಬೈದಿದ್ದಕ್ಕಲ್ಲ ಕಣೇ! ಬೈಸಿಕೊಳ್ಳಾಕೇ ತಾನೆ ಕೂತಿದ್ದೆ? ನಂಗೆ ಅಂತ ಕಟ್ಟಿದ ಹಾಡನ್ನ ಚನ್ನಗಿರಿಯೋಳಿಗೆ ಯಾಕೆ ಕೊಟ್ಟೆ? ಮೊನ್ನೆ ಕೇಳ್ತೀನಿ, ಹರಿಹರ ಬೀಗಿತ್ತಿ ಅಂತೆ! ಅವಳ್ಯಾವ ಕುರ್ಚಿಲಿ ಸಿಕ್ಕಾಕಿಕೊಂಡಿದ್ಲು? ಸೊಂಟ ತರಚಿಕೊಂಡೋಳು ನಾನು, ಹೆಸರು ಅವಳಿಗಾ?"

ಶಂಕರಮ್ಮ ದಾರಿಯುದ್ದಕ್ಕೂ ಹತ್ತು ತರದ ಕ್ಷಮೆ ಕಟ್ಟಿಕೊಂಡು ಬಂದಿದ್ದಳು, ಇದಕ್ಕೆ ಹೊಂದುವುದು ಒಂದೂ ಇರಲಿಲ್ಲ.

"ಇಷ್ಟು ವರ್ಷ ಜಗಳೂರಲ್ಲಿ ನಾನು ಕುರ್ಚಿ ಕೊಲ್ಲಾಪುರಮ್ಮ" ಎಂದು ಅವಳು ಎದೆ ತಟ್ಟಿಕೊಂಡಳು. ಹಿಟ್ಟು ಹಾರಿತು. "ಬೀಸಾಕೆ ಬಂದೋರೆಲ್ಲ ನಿಂತು ಆ ಕಥೆ ಕೇಳ್ಕೊಂಡು ಹೋಗೋರು. ಈಗ ಹೇಳಾಕೆ ಹೋದ್ರೆ, ಅಯ್ಯೋ ಅದು ಫೋನಲ್ಲಿ ಬಂದಿದ್ದಲ್ವಾ, ನಿಂದು ಅಂತ ಯಾಕೆ ಬಿಡ್ತೀಯ ಅಂತಾರೆ!"

"ನನ್ನೂ ಹಂಗೇ ಅಂತಿದಾರೆ ಕಣಕ್ಕ. ಕದ್ದಿದೀನಿ ಅಂತಾರೆ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ರೂಪಶ್ರೀ ನೋಟೀಸಿನ ಕಥೆಯನ್ನೂ, ತ್ಯಾವಣಿಗೆಯವನ ಹೆಸರನ್ನೂ ಮೊದಲಿನಿಂದ ಬಿಡಿಸಿ ಹೇಳಿದಳು. ಮದುವೆಯ ವಿಡಿಯೋ ಇದ್ದರೆ ಅದೊಂದೇ ಸಾಕು ಎಂದಳು. ಕೊಲ್ಲಾಪುರಮ್ಮನ ದನಿ ಮೊದಲ ಸಲ ಇಳಿಯಿತು.

"ವಿಡಿಯೋ ಐತೆ. ಆದ್ರೆ ಕುರ್ಚಿ ಸೀನು, ಹಾಡಿನ ಸೀನು ಎರಡೂ ಇಲ್ಲ. ಸ್ಟುಡಿಯೋದೋನ ಮುಂದೆ ನಿಂತು ನಾನೇ ಕಟ್ ಮಾಡಿಸಿದೆ. ಆಗ ಮರ್ಯಾದೆ ಅನ್ಕೊಂಡಿದ್ದೆ ಕಣಮ್ಮ." ಆಮೇಲೆ ಸೆರಗು ಕೊಡವಿ ಗಿರಣಿಗೆ ಬೀಗ ಹಾಕಿದಳು. "ವಿಡಿಯೋ ಯಾಕೆ? ನಾನೇ ಬರ್ತೀನಿ ನಡೀ."

ತ್ಯಾವಣಿಗೆಯ ಬಸ್ಸಿನಲ್ಲಿ ಮುಂದಿನ ಸೀಟಿನವನ ಫೋನು 'ಚನ್ನಗಿರಿ ಬೀಗಿತ್ತಿ' ಎಂದು ಹಾಡಿತು. ಕೊಲ್ಲಾಪುರಮ್ಮ ಅವನ ಭುಜ ತಟ್ಟಿ, "ಅಣ್ಣ, ಅದು ಜಗಳೂರು" ಎಂದಳು. ಅವನು ತಿರುಗಿ ನೋಡಿ, ಇದು ಜಗಳೂರಿಗೆ ಹೋಗುವ ಬಸ್ಸೇನೋ ಎಂದು ಹೆದರಿ ಕಂಡಕ್ಟರನ್ನು ಕೂಗಿದ.

ಪ್ರವೀಣ್ ಕುಮಾರನ ಮೊಬೈಲ್ ರಿಪೇರಿ ಅಂಗಡಿ ಕೆಳಗೆ, ಸ್ಟುಡಿಯೋ ಮೇಲೆ. ಸ್ಟುಡಿಯೋ ಎಂದರೆ ನಾಲ್ಕೂ ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸಿದ ಕೋಣೆ. ಟ್ರೇಗಳ ನಡುವೆ ಒಂದು ಫೋಟೋ: ಚನ್ನಗಿರಿಯ ಸಂಘವೊಂದು ಅವನಿಗೆ ಶಾಲು ಹೊದಿಸಿ 'ಜಾನಪದ ಸಂರಕ್ಷಕ' ಎಂದು ಬಿರುದು ಕೊಡುತ್ತಿರುವುದು. ಮನುಷ್ಯ ಕೆಟ್ಟವನಲ್ಲ. ಕುರ್ಚಿ ಕೊಡಲು ಹೋದ. ಕೊಲ್ಲಾಪುರಮ್ಮ ಕುರ್ಚಿಯ ಕೈಗಳನ್ನು ನೋಡಿ, ನಿಂತೇ ಇರ್ತೀನಿ ಎಂದಳು.

ವಿಷಯ ಕೇಳಿ ಅವನು ಪಾಠ ಹೇಳುವವನ ಹಾಗೆ ನಕ್ಕ. "ಅಮ್ಮಾ, ಇದು ಜಾನಪದ. ಜಾನಪದಕ್ಕೆ ಮಾಲೀಕರು ಇರಲ್ಲ."

"ಮತ್ತೆ ಯಾರಪ್ಪ ಕಟ್ಟಿದ್ದು?" ಎಂದಳು ಶಂಕರಮ್ಮ.

"ಜನ."

"ಎಲ್ರೂ ಒಟ್ಟಿಗೆ ಬಾಯಿ ಬಿಟ್ರಾ? ನಾನು ಕಟ್ಟೋವಾಗ ಜನ ಎಲ್ಲ ಊಟದ ಪಂಕ್ತಿಲಿ ಜಾಗ ಹಿಡಿಯಾಕೆ ಹೋಗಿದ್ರು."

"ಅಂದ್ರೆ, ಜಾನಪದ ಅಂದ್ರೆ ಕಟ್ಟಿದೋರು ತೀರಿಕೊಂಡಿರ್ತಾರೆ ಅಂತ..."

"ತೀರಿಕೊಂಡಿಲ್ಲ ಅಂತ ಹೇಳಾಕೇ ಮೂರು ಬಸ್ಸು ಹತ್ತಿ ಬಂದೀನಿ. ನಿನ್ನ ಮುದುಕಿಗೆ ಆರು ಬೆರಳು. ನೋಡು, ನಂಗೆ ಐದೇ." ಅವಳು ಅಡಿಕೆ ಕಲೆಯ ಕರೀ ಕೈಯನ್ನು ಅವನ ಮುಖಕ್ಕೆ ಹಿಡಿದಳು. "ಮಾಲೀಕರೇ ಇಲ್ಲ ಅಂದ್ಮೇಲೆ ನನ್ನ ಸೊಸೆಗೆ ನಿನ್ನ ಹೆಸರಲ್ಲಿ ನೋಟೀಸು ಹೆಂಗೆ ಬಂತು?"

"ಅದು ಹಾಡನ್ನ ಕಂಪನಿಗೆ ಕೊಟ್ಟಿರ್ತೀವಲ್ಲ ಅಮ್ಮ, ಅವರ ಕಂಪ್ಯೂಟರೇ ಹಿಡಿಯುತ್ತೆ. ಆಟೋಮ್ಯಾಟಿಕ್ಕು."

"ಓಹೋ" ಎಂದಳು ಕೊಲ್ಲಾಪುರಮ್ಮ, "ಕಳ್ಳತನದಲ್ಲೂ ಆಟೋಮ್ಯಾಟಿಕ್ ಬಂದೈತಾ?"

ಇಂಥದ್ದು ಹೊಸದೇನಲ್ಲ. ಗಂಡಸು ಕಟ್ಟಿದರೆ ಅವನು ಕವಿ, ಹೆಂಗಸು ಕಟ್ಟಿದರೆ ಅದು ಜಾನಪದ. ಅವನಿಗೆ ಹೆಸರಿರುತ್ತದೆ, ಅವಳಿಗೆ ಊರಿರುತ್ತದೆ. ಈ ಕಾಲದಲ್ಲಿ ಆ ಊರನ್ನೂ ತೆಗೆದು ಚನ್ನಗಿರಿ ಹಾಕುತ್ತಾರೆ.

ಪ್ರವೀಣ ಬೆವರು ಒರೆಸಿಕೊಂಡು ಕೊನೆಯ ಮಾತೆತ್ತಿದ: ಪ್ರೂಫ್ ಏನೈತೆ? ರೂಪಶ್ರೀ ಅವನನ್ನೇ ತಿರುಗಿ ಕೇಳಿದಳು. "ನಡುವೆ 'ಏಳಲ್ಲ ಹೋಗೇ' ಅಂತ ಬರುತ್ತಲ್ಲ, ಅದನ್ನ ಯಾರತ್ರ ಹೇಳ್ಸಿದ್ರಿ?"

ಅವನು ನಿಜ ಹೇಳಿದ. ಹಾಡಿದ ಹುಡುಗಿಯಿಂದ ಹೇಳಿಸಿ ನೋಡಿದ್ದ, ಬೆಕ್ಕು ಕೂಗಿದ ಹಾಗಾಯಿತು. ಇನ್ನೂ ನಾಲ್ಕು ಜನರಿಂದ ಹೇಳಿಸಿದ. ಯಾರಿಂದಲೂ ಆಗದೆ ಹಳೆಯ ಕ್ಲಿಪ್ಪಿನಿಂದಲೇ ಆ ಒಂದು ತುಂಡು ಕತ್ತರಿಸಿ ಅಂಟಿಸಿದ್ದ. ಜನ ಕುಣಿಯುವುದೇ ಆ ತುಂಡಿಗೆ.

"ಕತ್ತರಿಸಿಕೊಂಡೋರು ಇಲ್ಲೇ ನಿಂತಿದಾರೆ" ಎಂದಳು ರೂಪಶ್ರೀ. "ಮೈಕ್ ಹಚ್ಚಿ."

ಶಂಕರಮ್ಮ ಹಾಡಿದಳು. 'ನಮ್ಮವ್ವ' ಬಂತು. ನಿಂತಳು. ಕೊಲ್ಲಾಪುರಮ್ಮ ಮೈಕಿಗೆ ಕೈ ಮುಗಿದು ಮೆಲ್ಲಗೆ, "ಏಳಲ್ಲ, ಹೋಗಮ್ಮ" ಎಂದಳು.

ಪ್ರವೀಣ ತಲೆಯಾಡಿಸಿದ. ಇದು ಅದಲ್ಲ.

"ಬರಲ್ಲ ಕಣೇ" ಎಂದು ಕೊಲ್ಲಾಪುರಮ್ಮ ಪಿಸುಗುಟ್ಟಿದಳು. "ಸಿಟ್ಟು ಬರಬೇಕಲ್ಲ. ಈಗ ನಿನ್ನ ಮೇಲೆ ಸಿಟ್ಟೇ ಹೋಗೈತೆ."

ಶಂಕರಮ್ಮ ಕೆಮ್ಮಿ ಗಂಟಲು ಸರಿ ಮಾಡಿಕೊಂಡಳು. "ಅಲ್ಲ ಕೊಲ್ಲಾಪುರಕ್ಕ, ನಿನ್ನ ಗಿರಣಿಗೆ ಸೇರು ಜೋಳ ಹಾಕಿದ್ರೆ ಅಚ್ಚೇರು ಹಿಟ್ಟು ಬರುತ್ತಂತಲ್ಲ? ಉಳಿದಿದ್ದು ನಿನ್ನ ಸೊಂಟಕ್ಕೆ ಹೋಗುತ್ತೆ ಅಂತ ಜಗಳೂರೆಲ್ಲ ಮಾತಾಡ್ತೈತೆ, ಹೌದಾ?"

ಕೊಲ್ಲಾಪುರಮ್ಮನ ಕಣ್ಣು ಕೆಂಪಾಯಿತು. ಮೂಗು ಅರಳಿತು. ಶಂಕರಮ್ಮ ತಡ ಮಾಡದೆ ಹಾಡು ಎತ್ತಿದಳು. 'ನಮ್ಮವ್ವ' ಮುಗಿಯುವುದೇ ತಡ ಗುಡುಗು ಬಂತು. ಕೆಳಗಿನ ಅಂಗಡಿಯಲ್ಲಿ ಯಾರೋ ಫೋನು ಕೆಡವಿದರು. ಗೋಡೆಯಿಂದ ಒಂದು ಮೊಟ್ಟೆ ಟ್ರೇ ಕಳಚಿ ಜಾನಪದ ಸಂರಕ್ಷಕನ ತಲೆಯ ಮೇಲೆ ಬಿತ್ತು.

ಅವನು ಟ್ರೇ ತೆಗೆಯಲೂ ಮರೆತು ಕುಳಿತಿದ್ದ. "ಅಯ್ಯಪ್ಪಾ, ಇದೇ ವಾಯ್ಸು" ಎಂದ.

ಆಮೇಲೆ ಎಲ್ಲ ಸಲೀಸಾಯಿತು. ಅವನು ಕೈ ಮುಗಿದ. ಶಂಕರಮ್ಮನಿಗೆ ಒಂದೇ ಅನುಮಾನ ಉಳಿದಿತ್ತು. "ಕ್ಲಿಪ್ಪಲ್ಲಿ ನನ್ನ ದನೀನೂ ಇತ್ತಲ್ಲ, ಅದನ್ಯಾಕೆ ಬಿಟ್ಟೆ?"

"ಸ್ವಲ್ಪ ಒಡೆದಂಗಿತ್ತು ಅಮ್ಮ."

ಸತ್ತಳೆಂದು ಹಾರ ಹಾಕಿದ್ದಕ್ಕಿಂತ ಇದು ಅವಳಿಗೆ ಹೆಚ್ಚು ತಾಗಿತು. ಕೊಲ್ಲಾಪುರಮ್ಮ ಮಾತ್ರ ಬಹಳ ಸಂತೋಷದಿಂದ ಕೆಮ್ಮಿದಳು.

"ಹಿಂಗೆ ಕೇಳ್ತೀನಿ ಅಂತ ಬೈಬ್ಯಾಡ್ರಿ" ಎಂದ ಪ್ರವೀಣ. "ಮೊದ್ಲೇ ಬಂದು ಕೇಳಿದ್ರೆ ಕೊಡ್ತಿದ್ರಾ?"

"ಇಲ್ಲ."

"ಮತ್ತೆ?"

"ಅದಕ್ಕೇ ಕೇಳಬೇಕಿತ್ತು." ಅವಳು ಮೊಣಕಾಲು ಹಿಡಿದು ಕುಳಿತುಕೊಂಡಳು. "ನೋಡಪ್ಪ, ನಮ್ಮೂರ ಹೆಂಗಸರು ಸಾರಾಯಿ ಅಂಗಡಿ ಮುಚ್ಚಿಸಾಕೆ ಧರಣಿ ಕೂತಾಗ ಹಾಡು ಕಟ್ಟಿಕೊಟ್ಟೋಳು ನಾನೇ. ಅದನ್ನ ಶಿಕಾರಿಪುರದೋರು ಹಾಡಿದ್ರು, ಹರಪನಹಳ್ಳಿಯೋರು ಹಾಡಿದ್ರು. ನಾನು ಯಾರನ್ನಾದ್ರೂ ಕೇಳಿದ್ನಾ? ಅದು ಎಲ್ರಿಗೂ ಅಂತ ಕಟ್ಟಿದ್ದು, ಎತ್ತಿಕೊಂಡಷ್ಟೂ ಒಳ್ಳೇದು. ಇದು ಹಂಗಲ್ಲ. ಇದು ಇವಳೊಬ್ಬಳಿಗೆ ಕಟ್ಟಿದ್ದು. ಯಾವುದು ಯಾರಿಗೆ ಅಂತ ಕಟ್ಟಿದೋಳಿಗೆ ಗೊತ್ತಿರುತ್ತೆ. ಕೇಳಿದ್ರೆ ಬಾಯಿ ಸವೆಯುತ್ತಾ ನಿಂಗೆ?"

ಚನ್ನಗಿರಿಯ ಹಾಡು, ಹರಿಹರದ ಹಾಡು ಎರಡನ್ನೂ ಅವನು ಅವರೆದುರೇ ಅಳಿಸಿದ. ನೋಟೀಸು ವಾಪಸು ತೆಗೆದ. ಜಗಳೂರಿನ ಹಾಡು ಇರಲಿ ಎಂದು ಇಬ್ಬರೂ ಒಪ್ಪಿದರು. ಹೆಸರು ಹಾಕುವ ಹೊತ್ತಿಗೆ ಮತ್ತೆ ಜಗಳ. ಪದ, ರಾಗ ಶಂಕರಮ್ಮ, ಸವಳಂಗ ಎಂದು ಬರೆದ. ಕೊಲ್ಲಾಪುರಮ್ಮನನ್ನು 'ಸಹಕಾರ' ಎಂದು ಹಾಕಲು ಹೋದ.

"ಸಹಕಾರ ಮಾಡಾಕೆ ನಾನೇನು ಸೊಸೈಟಿನಾ? ನಾನು ಬೈಸಿಕೊಂಡಿರೋದು. ಹಂಗೇ ಹಾಕು."

'ಬೈಸಿಕೊಂಡವರು: ಕೊಲ್ಲಾಪುರಮ್ಮ, ಜಗಳೂರು' ಎಂದು ಅವನು ಹಾಕಿದ. ಆರು ಬೆರಳಿನ ಅಜ್ಜಿಯನ್ನು ತೆಗೆದು ಇಬ್ಬರನ್ನೂ ಟ್ರೇ ಗೋಡೆಯ ಮುಂದೆ ನಿಲ್ಲಿಸಿ ಫೋಟೋ ಹಿಡಿದ. ಕೇಳದೆ ಎತ್ತಿಕೊಂಡದ್ದು ತಪ್ಪು, ಹಾಡು ಶಂಕರಮ್ಮನದೇ ಎಂದು ತನ್ನ ಬಾಯಲ್ಲೇ ಹೇಳಿ ಒಂದು ವಿಡಿಯೋನೂ ಬಿಟ್ಟ. ಸುದ್ದಿ ಮುಟ್ಟಿದ ಕೂಡಲೇ ಲಾಲ್‌ಸಾಬ್ ಫೋನು ಮಾಡಿ, 'ಕುರ್ಚಿ: ಲಾಲ್‌ಸಾಬ್ ಶಾಮಿಯಾನ, ನ್ಯಾಮತಿ' ಎಂದು ಒಂದು ಸಾಲು ಸೇರಿಸಲು ಕೇಳಿಕೊಂಡ. ಆ ಕುರ್ಚಿಯ ಹೆಸರೆತ್ತಿದರೆ ಅದನ್ನು ನಿನ್ನ ತಲೆಗೆ ಹಾಕುತ್ತೇನೆ ಎಂದು ಕೊಲ್ಲಾಪುರಮ್ಮ ಉತ್ತರ ಕೊಟ್ಟಳು.

ವಿಡಿಯೋ ನೋಡಿ ಹೊನ್ನಾಳಿಯ ನಿರ್ಮಲಮ್ಮ ಹೇಳಿ ಕಳಿಸಿದಳು: "ಬರ್ಲಿ. ಆದ್ರೆ ನಂಗೆ ಅಂತ ಹೊಸದು ಕಟ್ಟಿರಬೇಕು." ಮುರುಗೇಶಪ್ಪನಿಂದ ಮತ್ತೆ ವೀಳ್ಯ ಬಂತು.

ಶಂಕರಮ್ಮ ಉಳಿದ ದಿನಗಳನ್ನೆಲ್ಲ ಅಡಿಕೆಯ ಮುಂದೆ ಗುನುಗುತ್ತ ಕಳೆದಳು. ಕಳ್ಳಿ ಅನ್ನಿಸಿಕೊಂಡ ಉರಿ ಒಳಗಿತ್ತು. ಒಡೆದ ದನಿಯ ಉರಿಯೂ ಇತ್ತು. ಸೊಸೆಗೂ ಒಂದು ಸಾಲು ಕೇಳಿಸಲಿಲ್ಲ.

ಹೊನ್ನಾಳಿಯ ಕಲ್ಯಾಣ ಮಂಟಪದಲ್ಲಿ ನಿರ್ಮಲಮ್ಮ ನಡುವೆ ಬಂದು ಕುಳಿತಳು, ನೆಟ್ಟಗೆ, ಪರೀಕ್ಷೆ ಮಾಡುವವಳ ಹಾಗೆ. ಕೊಲ್ಲಾಪುರಮ್ಮ ಜಗಳೂರಿಂದ ಬಂದು ಮೊದಲ ಸಾಲು ಹಿಡಿದಿದ್ದಳು. ಪ್ರವೀಣ ಕ್ಯಾಮೆರಾ ಸಮೇತ ಬಂದಿದ್ದ. ಶಂಕರಮ್ಮ ಬಾಯಿ ತೆರೆಯುವ ಮೊದಲೇ ಮಂಟಪದ ತುಂಬ ಫೋನುಗಳೆದ್ದವು.

ಶಂಕರಮ್ಮ ಕೈ ಎತ್ತಿದಳು. "ಹಾಡು ನಂದು, ಬೈಸಿಕೊಳ್ಳೋರು ಅವರು. ಇಬ್ರೂ ಹೂಂ ಅಂದ್ರೆ ಹಿಡಿಯಿರಿ. ನಂದು ಹೂಂ. ಅವರನ್ನ ಕೇಳಿ."

ಫೋನುಗಳೆಲ್ಲ ನಿರ್ಮಲಮ್ಮನ ಕಡೆ ತಿರುಗಿದವು. ಆಕೆ ಸೆರಗು ಸರಿ ಮಾಡಿಕೊಂಡು, "ಮೊದ್ಲು ಹಾಡ್ಲಿ. ಹಿಡಿಯೋದು ಹಿಡಿಯಿರಿ, ಹೊರಗೆ ಬಿಡೋದೋ ಬ್ಯಾಡವೋ ಆಮೇಲೆ ಹೇಳ್ತೀನಿ" ಎಂದಳು.

ಶಂಕರಮ್ಮ ಹಾಡಿದಳು. ಮೊದಲ ಪದಕ್ಕೇ ಗಂಡಿನ ಬಾಸಿಂಗ ಅಲ್ಲಾಡಿತು. ಎರಡನೆಯದಕ್ಕೆ ಅಡುಗೆಯವರು ಸೌಟು ಹಿಡಿದು ಹೊರಗೆ ಬಂದರು. ಮೂರನೆಯದಕ್ಕೆ ಮಂತ್ರ ಹೇಳಲು ಬಂದಿದ್ದ ಅಯ್ಯನವರು ಕಂಬ ಹಿಡಿದು ಕುಸಿದರು, ಮುರುಗೇಶಪ್ಪ ನಗಬಾರದ ಜಾಗದಲ್ಲಿ ನಕ್ಕು ಬೀಗರಿಗೆ ಬೆನ್ನು ಹಾಕಿ ನಿಂತ. ಒಡೆದ ದನಿ ಒಡೆದಲ್ಲೆಲ್ಲ ಬೈಗುಳಕ್ಕೆ ಇನ್ನಷ್ಟು ಖಾರ ಹಚ್ಚಿತು. ಪ್ರವೀಣ ಕ್ಯಾಮೆರಾದ ಹಿಂದೆ ಕಣ್ಣೊರೆಸಿಕೊಂಡ. ಕೊಲ್ಲಾಪುರಮ್ಮ ರೂಪಶ್ರೀಯ ಕೈ ಚಿವುಟಿ, "ಥೂ ಇವಳ, ನನ್ನದಕ್ಕಿಂತ ಚೆನ್ನಾಗಿ ಬೈದ್ಲಲ್ಲೇ" ಎಂದು ನಿಜವಾಗಿ ಹೊಟ್ಟೆ ಉರಿದುಕೊಂಡಳು.

ಹಾಡು ನಿಂತಾಗ ತನ್ನ ಜೀವಮಾನದಲ್ಲಿ ಇಂಥದ್ದನ್ನು ಕಟ್ಟಿರಲಿಲ್ಲ ಎಂದು ಶಂಕರಮ್ಮನಿಗೇ ಗೊತ್ತಾಗಿತ್ತು. ಕುರ್ಚಿ ಹಾಡು ಇದರ ಮುಂದೆ ಕೂಸು. ಇದು ಹೊರಗೆ ಬಿದ್ದರೆ ತ್ಯಾವಣಿಗೆಯಲ್ಲ, ಇಡೀ ರಾಜ್ಯ ಕುಣಿಯುತ್ತದೆ, ಕೆಳಗೆ ಅವಳ ಹೆಸರೂ ಇರುತ್ತದೆ. ಎಲ್ಲರೂ ನಿರ್ಮಲಮ್ಮನ ಬಾಯಿ ನೋಡಿದರು.

ನಿರ್ಮಲಮ್ಮನ ಕಣ್ಣಲ್ಲಿ ನಗುವಿನ ನೀರೋ ಸಿಟ್ಟಿನ ನೀರೋ ತಿಳಿಯಲಿಲ್ಲ. ಮೂಗು ಒರೆಸಿಕೊಂಡಳು. "ಕದ್ದಿದ್ದಲ್ಲ. ಒಪ್ಪಿದೆ. ಕದಿಯಾಕೆ ಇಂಥದ್ದು ಇನ್ನೊಂದು ಕಡೆ ಇರಾಕೆ ಸಾಧ್ಯ ಇಲ್ಲ" ಎಂದಳು. ಆಮೇಲೆ ಅಂದಳು: "ಹೊರಗೆ ಬಿಡೋದು ಬ್ಯಾಡ."

"ನಿರ್ಮಲಕ್ಕ," ಎಂದಳು ಶಂಕರಮ್ಮ, "ಮೂರನೇ ಪದ ಒಂದಾದ್ರೂ..."

"ಮೂರನೇದಂತೂ ಬ್ಯಾಡವೇ ಬ್ಯಾಡ!"

"ನಿಮ್ಮ ಹೆಸರು ದೊಡ್ಡಕ್ಷರದಲ್ಲಿ ಹಾಕಿಸ್ತೀನಿ..."

"ಕೇಳಿದ್ರಿ, ಹೇಳಿದೆ. ಕೇಳಬೇಕು ಅಂತ ನೀವೇ ತಾನೆ ಅಂದಿದ್ದು?"

ಕೊಲ್ಲಾಪುರಮ್ಮ ಎದ್ದು ಪ್ರವೀಣನ ಪಕ್ಕದಲ್ಲಿ ನಿಂತು, ಅವನು ಕ್ಯಾಮೆರಾದಿಂದ ಅಳಿಸುವವರೆಗೆ ಅವನ ಬೆರಳು ಕಾದಳು. ಆಮೇಲೆ ಸಾಲು ಸಾಲಾಗಿ ಎಲ್ಲರ ಫೋನು ಈಸಿಕೊಂಡು ನೋಡಿದಳು. ಆ ಕೆಲಸವನ್ನು ಅವಳು ಬೇಕಾದ್ದಕ್ಕಿಂತ ಹೆಚ್ಚು ಹುರುಪಿನಿಂದ ಮಾಡಿದಳೆಂದು ರೂಪಶ್ರೀಗೆ ಇಂದಿಗೂ ಅನುಮಾನ.

ಶಂಕರಮ್ಮ ಊಟಕ್ಕೆ ಕುಳಿತು ಹೋಳಿಗೆಯ ಮೇಲೆ ಹೋಳಿಗೆ ಹಾಕಿಸಿಕೊಳ್ಳುತ್ತ, ನಿಯಮ ಮಾಡಿದವರನ್ನೆಲ್ಲ ಹೊಸ ರಾಗದಲ್ಲಿ ಬೈದಳು. ಹೊನ್ನಾಳಿಯ ಆ ಹಾಡಿನ ಒಂದು ಸಾಲನ್ನೂ ಇಲ್ಲಿ ಬರೆಯುವಂತಿಲ್ಲ. ನಿರ್ಮಲಮ್ಮ ಇನ್ನೂ ಒಪ್ಪಿಲ್ಲ.